ಸ್ಟೇಡಿಯಂ ಗೇಟಿನಲ್ಲಿ ನಾಲ್ಕು ಪದ್ಧತಿ: ಬರಿಗೈ, ಪಾರದರ್ಶಕ ಚೀಲ, ಎ4 ಅಳತೆ, ಮುಖದ ಗುರುತು

ಪಂದ್ಯಕ್ಕೆ ಬರುವ ಜನ ತಪಾಸಣೆಯನ್ನೇ ಬೈಯುವುದು ಅಪರೂಪ. ಗೇಟಿನ ಬಾಯಿಗೆ ಬಂದ ಮೇಲೆ ಗೊತ್ತಾಗುವ ನಿಯಮವನ್ನು ಬೈಯುತ್ತಾರೆ, ಮುಂದೆ ಸರಿಯದ ಸಾಲನ್ನು ಬೈಯುತ್ತಾರೆ. ಚಿನ್ನಸ್ವಾಮಿಯ ಕ್ಯೂನಲ್ಲಿ ನಿಂತವರದೂ ಅದೇ ಮಾತು, ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಫುಟ್‌ಬಾಲ್ ನೋಡಲು ಹೋಗುವ ಕನ್ನಡಿಗರದೂ ಅದೇ ಮಾತು. ಹಾಗಾಗಿ ಈ ನಾಲ್ಕು ಪದ್ಧತಿಗಳನ್ನು ಹೋಲಿಸುವಾಗ ಯಾವುದು ಹೆಚ್ಚು ಕಟ್ಟುನಿಟ್ಟು ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಬೇಕು. ಒಬ್ಬೊಬ್ಬರಿಗೆ ಎಷ್ಟು ಸೆಕೆಂಡು ಹಿಡಿಯುತ್ತದೆ, ವಸ್ತು ಬೇಡವೆಂದಾಗ ಅದನ್ನು ಇಡಲು ಜಾಗವಿದೆಯೇ ಎಂದು ಕೇಳಬೇಕು.

ಮೊದಲು ಸೆಕೆಂಡಿನ ಲೆಕ್ಕ. ಬ್ರಿಟನ್ನಿನಲ್ಲಿ ಕ್ರೀಡಾಂಗಣ ಸುರಕ್ಷತೆಗೆಂದು ‘ಗ್ರೀನ್ ಗೈಡ್’ ಎಂಬ ಕೈಪಿಡಿ ಇದೆ. ಒಂದು ಟರ್ನ್‌ಸ್ಟೈಲ್‌ನಿಂದ (ಒಬ್ಬೊಬ್ಬರನ್ನೇ ಒಳಬಿಡುವ ತಿರುಗು ಗೇಟು) ಗಂಟೆಗೆ 660 ಜನಕ್ಕಿಂತ ಹೆಚ್ಚು ಒಳಗೆ ಬರುತ್ತಾರೆಂದು ಲೆಕ್ಕ ಹಾಕಬಾರದು ಎನ್ನುತ್ತದೆ ಅದು. ಅಂದರೆ ತಲೆಗೆ ಐದೂವರೆ ಸೆಕೆಂಡು. ಮೈ ತಡವಿ ನೋಡುವುದೂ ಸೇರಿ ತಲೆಗೆ 9 ಸೆಕೆಂಡು ಹಿಡಿಯಿತೆನ್ನಿ, ಒಂದು ಸಾಲಿನಲ್ಲಿ ಗಂಟೆಗೆ 400 ಜನ. 35,000 ಪ್ರೇಕ್ಷಕರಲ್ಲಿ ಅರ್ಧದಷ್ಟು ಜನ ಕೊನೆಯ ಒಂದು ಗಂಟೆಯಲ್ಲಿ ಬಂದರೆ 44 ಸಾಲು ಬೇಕು. ಚೀಲ ಬಿಚ್ಚಿಸಿ, ಒಂದೆರಡು ಮಾತು ಬೆಳೆದು ತಲೆಗೆ 20 ಸೆಕೆಂಡಾದರೆ ಅದೇ ಜನಕ್ಕೆ 98 ಸಾಲು ಬೇಕಾಗುತ್ತದೆ. ಈ ಗಾತ್ರದ ಸ್ಟೇಡಿಯಂನಲ್ಲಿ ಅಷ್ಟು ಸಾಲು ಇರುವುದು ಅಪರೂಪ. ಉಳಿದವರು ರಸ್ತೆಯ ಮೇಲೆ ನಿಲ್ಲುತ್ತಾರೆ.

ಹೀಗೆ ಜನ ನಿಂತ ರಸ್ತೆಯೇ ಅಪಾಯದ ಜಾಗ. 2010ರ ಏಪ್ರಿಲ್ 17ರಂದು ಬೆಂಗಳೂರು–ಮುಂಬೈ ಐಪಿಎಲ್ ಪಂದ್ಯಕ್ಕೆ ಮುಂಚೆ ಚಿನ್ನಸ್ವಾಮಿಯಲ್ಲಿ ಬಾಂಬ್ ಸಿಡಿದದ್ದು ಹೊರಗೋಡೆಯ ಬಳಿ. 2015ರ ನವೆಂಬರ್ 13ರಂದು ಪ್ಯಾರಿಸ್ಸಿನ ಸ್ಟಾದ್ ದ ಫ್ರಾನ್ಸ್‌ನಲ್ಲಿ ಸಿಡಿದದ್ದೂ ಗೇಟಿನಾಚೆ. 2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದಲ್ಲಿ 22 ಜನ ಸತ್ತದ್ದು ತಪಾಸಣೆಯ ಗೆರೆಯ ಹೊರಗಿನ ಹಜಾರದಲ್ಲಿ, ಜನ ಮನೆಗೆ ಹೊರಟ ಹೊತ್ತಿನಲ್ಲಿ. ಕಳೆದ ವರ್ಷಗಳ ನೋವು ಸಾಲದೆಂಬಂತೆ 2025ರ ಜೂನ್ 4ರಂದು ವಿಜಯೋತ್ಸವದ ದಿನ ಚಿನ್ನಸ್ವಾಮಿಯ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಜೀವ ಕಳೆದುಕೊಂಡರು. ಅಲ್ಲಿ ಬಾಂಬಿರಲಿಲ್ಲ. ಒಳಗೆ ಹೋಗಲು ಯಾರಿಗೆ ಹಕ್ಕಿದೆ, ಯಾವ ಗೇಟು ಯಾವಾಗ ತೆರೆಯುತ್ತದೆ ಎಂಬುದು ಜನಕ್ಕೆ ಸ್ಪಷ್ಟವಿರಲಿಲ್ಲ. ಗೇಟಿನ ನಿಯಮವನ್ನು ಹಗುರವಾಗಿ ನೋಡಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಈಗ ನಮ್ಮೂರಿನ ಪದ್ಧತಿ. ಇದನ್ನು ‘ಬರಿಗೈ’ ಎನ್ನಬಹುದು. ಬ್ಯಾಗು ಬೇಡ, ನೀರಿನ ಬಾಟಲಿ ಬೇಡ, ಪವರ್ ಬ್ಯಾಂಕ್, ಹೆಲ್ಮೆಟ್, ಕೊಡೆ, ಲೈಟರ್, ಸೆಲ್ಫಿ ಸ್ಟಿಕ್, ಲ್ಯಾಪ್‌ಟಾಪ್, ಹೊರಗಿನ ತಿಂಡಿ ಯಾವುದೂ ಬೇಡ. ಬಾಟಲಿಯ ಮೇಲಿನ ಕೋಪಕ್ಕೆ ಇತಿಹಾಸವಿದೆ. 1996ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಈಡನ್ ಗಾರ್ಡನ್ಸ್‌ನ ಜನ ಮೈದಾನಕ್ಕೆ ಬಾಟಲಿ ಎಸೆದು, ಸ್ಟ್ಯಾಂಡಿನಲ್ಲಿ ಬೆಂಕಿ ಹಚ್ಚಿ, ಪಂದ್ಯವೇ ನಿಂತು ಶ್ರೀಲಂಕಾಗೆ ಗೆಲುವು ಕೊಡಬೇಕಾಯಿತು. ಪವರ್ ಬ್ಯಾಂಕಿನದು ಎರಡು ಕಾರಣ: ಕಲ್ಲಿನಷ್ಟು ತೂಕ, ಒಳಗಿರುವುದು ಬೆಂಕಿ ಹಿಡಿಯಬಲ್ಲ ಲಿಥಿಯಂ ಸೆಲ್. ಈ ಕಾರಣಗಳನ್ನು ಹೇಳಿದರೆ ಯಾರೂ ತಕರಾರು ಮಾಡುವುದಿಲ್ಲ. ಆದರೆ ಹೇಳುವವರಿಲ್ಲ. ಒಂದು ಗೇಟಿನಲ್ಲಿ ಬಿಟ್ಟ ಇಯರ್‌ಫೋನನ್ನು ಪಕ್ಕದ ಗೇಟಿನಲ್ಲಿ ತೆಗೆಸುತ್ತಾರೆ. ಒಬ್ಬರ ಜೇಬಿನ ಚಿಲ್ಲರೆ ಕಾಸು ಒಳಗೆ ಹೋಗುತ್ತದೆ, ಹಿಂದಿನವರದು ರಟ್ಟಿನ ಪೆಟ್ಟಿಗೆಗೆ ಬೀಳುತ್ತದೆ. ಸಂಜೆ ಏಳರ ಹೊತ್ತಿಗೆ ಆ ಪೆಟ್ಟಿಗೆಯಲ್ಲಿ ಲಿಪ್‌ಸ್ಟಿಕ್, ಬಾಚಣಿಗೆ, ಸೆಂಟಿನ ಬಾಟಲಿ, ಚಾರ್ಜರ್ ವೈರು ಎಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ. ಯಾವುದಕ್ಕೂ ಚೀಟಿ ಇಲ್ಲ, ವಾಪಸ್ಸು ಸಿಗುವ ಭರವಸೆಯೂ ಇಲ್ಲ.

ವೇಗದಲ್ಲಿ ಬರಿಗೈ ಪದ್ಧತಿಗೆ ಸಾಟಿಯಿಲ್ಲ ಎಂಬುದು ನಿಜ. ಚೀಲವೇ ಇಲ್ಲದಿದ್ದರೆ ಬಿಚ್ಚುವುದೂ ಇಲ್ಲ. ತೊಂದರೆ ಇರುವುದು ಮೆಟಲ್ ಡಿಟೆಕ್ಟರ್ ಚೌಕಟ್ಟನ್ನು ಬಳಸುವ ರೀತಿಯಲ್ಲಿ. ಫೋನು, ಕೀಗೊಂಚಲು ಜೇಬಿನಲ್ಲೇ ಇಟ್ಟುಕೊಂಡು ದಾಟಿದರೆ ಅದು ಪ್ರತಿಯೊಬ್ಬರಿಗೂ ಕಿರುಗುಟ್ಟುತ್ತದೆ. ಎಲ್ಲರಿಗೂ ಕೂಗುವ ಯಂತ್ರವನ್ನು ಕಾವಲಿನವರು ಹತ್ತು ನಿಮಿಷದಲ್ಲೇ ಕೇಳಿಸಿಕೊಳ್ಳುವುದು ಬಿಡುತ್ತಾರೆ. ಆಮೇಲೆ ನಡೆಯುವುದು ಕೈಯಿಂದ ಸೊಂಟ, ಜೇಬು ತಡವುವ ಕೆಲಸ ಮಾತ್ರ. ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ 2015ರಿಂದ ಲೋಹ ತಪಾಸಣೆ ಕಡ್ಡಾಯ. ಅಲ್ಲಿ ಇಂಥ ಚೌಕಟ್ಟು ಬಳಸುವ ಕಡೆ ಅದರ ಪಕ್ಕ ಒಂದು ಮೇಜು, ಮೇಜಿನ ಮೇಲೆ ಟ್ರೇ. ಫೋನನ್ನೂ ದೊಡ್ಡ ಲೋಹದ ವಸ್ತುವನ್ನೂ ಟ್ರೇಗೆ ಹಾಕಿ ದಾಟಬೇಕು. ಬೆಲ್ಟ್, ಕಾಸು ತೆಗೆಯಬೇಕಿಲ್ಲ. ಯಂತ್ರದ ಸೂಕ್ಷ್ಮತೆಯನ್ನು ಅದಕ್ಕೆ ತಕ್ಕಂತೆ ಇಳಿಸಿಟ್ಟಿರುತ್ತಾರೆ, ಹಾಗಾಗಿ ಅದು ಕೂಗಿದರೆ ಅದಕ್ಕೊಂದು ಅರ್ಥವಿರುತ್ತದೆ. ಒಂದು ಮೇಜು, ಎರಡು ಟ್ರೇ. ಇಷ್ಟನ್ನು ನಮ್ಮಲ್ಲಿ ನಾಳೆಯೇ ಮಾಡಬಹುದು.

ಎರಡನೆಯದು ಅಮೆರಿಕನ್ ಫುಟ್‌ಬಾಲ್‌ನ ಲೀಗ್ ಆದ ಎನ್‌ಎಫ್‌ಎಲ್ 2013ರಲ್ಲಿ ತಂದ ಪಾರದರ್ಶಕ ಚೀಲ. ಅಳತೆ ಖಚಿತ: 12 ಇಂಚು ಅಗಲ, 12 ಇಂಚು ಎತ್ತರ, 6 ಇಂಚು ದಪ್ಪ. ಪ್ಲಾಸ್ಟಿಕ್, ವಿನೈಲ್ ಅಥವಾ ಪಿವಿಸಿ. ಅದು ಇಲ್ಲದಿದ್ದರೆ ಒಂದು ಗ್ಯಾಲನ್ನಿನ, ಅಂದರೆ 3.8 ಲೀಟರ್ ಹಿಡಿಯುವ ಜಿಪ್ ಇರುವ ಫ್ರೀಜರ್ ಚೀಲ ನಡೆಯುತ್ತದೆ. ಜತೆಗೆ ನಾಲ್ಕೂವರೆ ಇಂಚು ಎತ್ತರ, ಆರೂವರೆ ಇಂಚು ಅಗಲದ ಒಂದು ಚಿಕ್ಕ ಪರ್ಸು. ಅದು ಪಾರದರ್ಶಕ ಆಗಿರಬೇಕಿಲ್ಲ. ಈ ಪರ್ಸನ್ನು ಸೇರಿಸಿದ್ದು ತುಂಬ ಒಳ್ಳೆಯ ಕೆಲಸ. ನಿಯಮ ಬಂದ ಹೊಸದರಲ್ಲಿ ಹೆಂಗಸರ ದೊಡ್ಡ ಆಕ್ಷೇಪವೇ ಸ್ಯಾನಿಟರಿ ಪ್ಯಾಡು, ಮಾತ್ರೆಗಳನ್ನು ಊರಿಗೆಲ್ಲ ತೋರಿಸಿಕೊಂಡು ಹೋಗಬೇಕಲ್ಲ ಎಂಬುದಾಗಿತ್ತು. ಅವನ್ನೆಲ್ಲ ಚಿಕ್ಕ ಪರ್ಸಿಗೆ ಹಾಕಿಕೊಳ್ಳಬಹುದು. ಮಗುವಿನ ಡೈಪರ್ ಚೀಲಕ್ಕೆ ಮಾತ್ರ ವಿನಾಯಿತಿಯಿಲ್ಲ, ಡೈಪರುಗಳನ್ನೂ ಪಾರದರ್ಶಕ ಚೀಲಕ್ಕೇ ತುಂಬಬೇಕು.

ಕಾವಲಿನವರು ಕೈ ಹಾಕದೆ, ಚೀಲವನ್ನು ಎತ್ತಿ ತಿರುಗಿಸಿ ನೋಡಿ ಬಿಡುತ್ತಾರೆ. ತಲೆಗೆ ಎರಡು ಮೂರು ಸೆಕೆಂಡು. ಕೆಡುವುದು ಎಲ್ಲಿ ಎಂದರೆ ಚೀಲದೊಳಗೆ ಮಡಚಿಟ್ಟ ಸ್ವೆಟರ್ ಇದ್ದಾಗ. ಹೊರಗಿಂದ ಎಲ್ಲ ಕಾಣುತ್ತದೆ ಎನ್ನಿಸುತ್ತದೆ, ಸ್ವೆಟರಿನ ಮಡಿಕೆಯೊಳಗೆ ಏನಿದೆಯೋ ಕಾಣುವುದಿಲ್ಲ. ಬಟ್ಟೆಯನ್ನು ಮೈಮೇಲೆ ಹಾಕಿಕೊಂಡೋ ತೋಳಿನ ಮೇಲೆ ಇಟ್ಟುಕೊಂಡೋ ಬನ್ನಿ, ಸಾಲು ನಿಲ್ಲುವುದಿಲ್ಲ. ಇನ್ನೊಂದು: ಅಗ್ಗದ ಪಿವಿಸಿ ಚಳಿಯಲ್ಲಿ ಸೆಟೆದು ಜಿಪ್ಪಿನ ಮೂಲೆಯಲ್ಲಿ ಬಿರಿಯುತ್ತದೆ. ಹಿಡಿ ಹೊಲಿದ ಜಾಗವನ್ನೂ ಕೊಳ್ಳುವಾಗಲೇ ಎಳೆದು ನೋಡಬೇಕು.

ಅಭಿಮಾನಿಗಳ ಮನಸ್ಸು ಬದಲಾದದ್ದೂ ಈ ಪದ್ಧತಿಯಲ್ಲೇ ಚೆನ್ನಾಗಿ ಕಾಣುತ್ತದೆ. ಮೊದಮೊದಲು ಬೈದವರೇ ಈಗ ತಮ್ಮ ತಂಡದ ಬಣ್ಣದ ಪಟ್ಟಿಯಿರುವ ಪಾರದರ್ಶಕ ಚೀಲ ಕೊಂಡು ಕಾರಿನಲ್ಲಿ ಇಟ್ಟುಕೊಂಡಿರುತ್ತಾರೆ. ಊರು ಬದಲಾದರೂ, ಮೈದಾನ ಬದಲಾದರೂ ಅಳತೆ ಅದೇ. ನಿಯಮಕ್ಕೆ ಜನ ಒಗ್ಗುವುದು ಹೀಗೆ, ಅದು ದಿನಕ್ಕೊಂದು ಆಗದಿದ್ದಾಗ.

ಇಂಗ್ಲೆಂಡಿನ ಹಲವು ಫುಟ್‌ಬಾಲ್ ಕ್ಲಬ್ಬುಗಳು ಎ4 ಹಾಳೆಯನ್ನೇ ಅಳತೆಗೋಲು ಮಾಡಿಕೊಂಡಿವೆ. 21 ಸೆಂ.ಮೀ. ಅಗಲ, 29.7 ಸೆಂ.ಮೀ. ಎತ್ತರ, ಅದಕ್ಕಿಂತ ದೊಡ್ಡ ಚೀಲ ಬೇಡ. ಕೆಲವು ಕಡೆ ಅದಕ್ಕಿಂತಲೂ ಚಿಕ್ಕದು. ಎಲ್ಲರ ಮನೆಯಲ್ಲೂ ಎ4 ಹಾಳೆ ಇರುವುದರಿಂದ ಹೊರಡುವ ಮುಂಚೆಯೇ ಚೀಲದ ಮೇಲಿಟ್ಟು ನೋಡಬಹುದು. ನಾಲ್ಕರಲ್ಲಿ ವಿವರಿಸಲು ಅತ್ಯಂತ ಸುಲಭದ ನಿಯಮ ಇದೇ. ಆದರೆ ಚೀಲ ಪಾರದರ್ಶಕ ಅಲ್ಲವಾದ್ದರಿಂದ ಬಿಚ್ಚಲೇಬೇಕು, ಹಾಗಾಗಿ ನಿಧಾನ. ರೈಲಿನಲ್ಲಿ ದೂರದಿಂದ ಬರುವ ಎದುರು ತಂಡದ ಬೆಂಬಲಿಗರಿಗೆ ರಾತ್ರಿಯುಳಿಯುವ ಚೀಲ ಎಲ್ಲಿಡುವುದೆಂಬ ಚಿಂತೆ ಬೇರೆ. ಕ್ರಿಕೆಟಿಗೆ ಅಲ್ಲಿನವರ ಕೈ ಇನ್ನೂ ಧಾರಾಳ. ಲಾರ್ಡ್ಸ್‌ನಲ್ಲಿ ಟೆಸ್ಟ್ ನೋಡಲು ಬರುವವರು ಮಿತಿಯೊಳಗೆ ತಮ್ಮದೇ ಮದ್ಯವನ್ನೂ ತರಬಹುದು. ಆಸ್ಟ್ರೇಲಿಯಾದ ಮೆಲ್ಬರ್ನ್ ಮೈದಾನಕ್ಕೂ (ಎಂಸಿಜಿ) ಮನೆಯ ತಿಂಡಿ, ನೀರು ಒಯ್ಯಬಹುದು. ಗಾಜಿನ ಬಾಟಲಿ, ಪಾನೀಯದ ಲೋಹದ ಕ್ಯಾನ್ ಬೇಡ. ಬಿಸಿಲಿನಲ್ಲಿ ಇಡೀ ದಿನ ಕೂರುವ ಆಟಕ್ಕೆ ಇದೇ ಸರಿ. ಮಗುವಿನ ಜತೆ ಬಂದವರ ಕೈಯಿಂದ ನೀರು ಕಿತ್ತುಕೊಳ್ಳುವ ನಿಯಮವನ್ನು ನಮ್ಮಲ್ಲೂ ತಿದ್ದಬೇಕು. ಮುಚ್ಚಳ ತೆಗೆದು ಒಳಗೆ ಬಿಟ್ಟರೂ ಸಾಕು, ಮುಚ್ಚಳವಿಲ್ಲದ ಬಾಟಲಿಯನ್ನು ಎಸೆದರೆ ನೀರು ಚೆಲ್ಲಿ ಅದು ದೂರ ಹೋಗುವುದಿಲ್ಲ.

ನಾಲ್ಕನೆಯದು ಯಂತ್ರದ ದಾರಿ. ಇದರಲ್ಲಿ ಎರಡನ್ನು ಬೆರೆಸಿಬಿಡುವುದುಂಟು, ಬೆರೆಸಬಾರದು. ಆಯುಧ ಹುಡುಕುವ ಹೊಸ ಸ್ಕ್ಯಾನರುಗಳು ಒಂದು ಬಗೆ. ಕಂಬಗಳ ನಡುವೆ ನಿಲ್ಲದೆ ನಡೆದುಹೋದರೆ ಆಯಿತು. ವೇಗ ಚೆನ್ನಾಗಿದೆ, ಆದರೆ ಲ್ಯಾಪ್‌ಟಾಪ್, ಕೊಡೆಯ ಕಡ್ಡಿ, ಲೋಹದ ಬಾಟಲಿ, ಕನ್ನಡಕದ ಗಟ್ಟಿ ಡಬ್ಬಿಗೂ ಕೆಂಪು ದೀಪ ಹತ್ತುತ್ತದೆ. ಈ ಯಂತ್ರ ತಯಾರಿಸುವ ಇವಾಲ್ವ್ ಕಂಪನಿ ತನ್ನ ಯಂತ್ರದ ಸಾಮರ್ಥ್ಯವನ್ನು ಅತಿಯಾಗಿ ಹೇಳಿಕೊಂಡಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ನವೆಂಬರಿನಲ್ಲಿ ಕ್ರಮ ಕೈಗೊಂಡಿತು.

ಮುಖ ಗುರುತಿಸುವುದು ಇನ್ನೊಂದು ಬಗೆ. ಇದು ಟಿಕೆಟ್ ನೋಡುವ ಕೆಲಸವಷ್ಟೇ, ಜೇಬಿನಲ್ಲಿ ಏನಿದೆ ಎಂಬುದು ಇದಕ್ಕೆ ಗೊತ್ತಾಗುವುದಿಲ್ಲ. ಫಿಲಡೆಲ್ಫಿಯಾದ ಬೇಸ್‌ಬಾಲ್ ಮೈದಾನದಲ್ಲಿ 2023ರಲ್ಲಿ ಇದನ್ನು ಮೊದಲು ಪ್ರಯೋಗಕ್ಕಿಟ್ಟಾಗ ಬೇಕಾದವರಿಗೆ ಮಾತ್ರ ಇತ್ತು, ಬೇಡದವರಿಗೆ ಮಾಮೂಲಿ ಗೇಟು. ಬ್ರೆಜಿಲ್ 2023ರ ಕ್ರೀಡಾ ಕಾನೂನಿನಲ್ಲಿ 20,000ಕ್ಕಿಂತ ಹೆಚ್ಚು ಜನ ಹಿಡಿಯುವ ಕ್ರೀಡಾಂಗಣಗಳಿಗೆ ಕಡ್ಡಾಯವೇ ಮಾಡಿತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಡಿಜಿಯಾತ್ರಾ ಬಳಸಿದವರಿಗೆ ಇದರ ಅನುಕೂಲವೂ ಗೊತ್ತು, ಅಳುಕೂ ಗೊತ್ತು. ಬೇಕಾದವರಿಗೆ ಎನ್ನುವವರೆಗೆ ಒಪ್ಪಬಹುದು. ಕಡ್ಡಾಯ ಎಂದಾದರೆ ಮಕ್ಕಳ ಮುಖದ ದಾಖಲೆ ಎಷ್ಟು ದಿನ ಉಳಿಯುತ್ತದೆ, ಯಾರ ಬಳಿ ಉಳಿಯುತ್ತದೆ ಎಂದು ಟಿಕೆಟಿನ ಮೇಲೆಯೇ ಅಚ್ಚಾಗಬೇಕು.

ಚಿನ್ನಸ್ವಾಮಿಯಂಥ, ನಾಲ್ಕೂ ಕಡೆ ರಸ್ತೆ ಒತ್ತಿಕೊಂಡ ಜಾಗಕ್ಕೆ ಇವುಗಳಲ್ಲಿ ಒಗ್ಗುವುದು ಚಿಕ್ಕ ಪಾರದರ್ಶಕ ಚೀಲ ಮತ್ತು ಟ್ರೇ. ಆಫೀಸಿನಿಂದ ನೇರ ಬರುವವರ ಬ್ಯಾಗಿಗೆ ಮೆಟ್ರೊ ನಿಲ್ದಾಣದ ಹತ್ತಿರ ಚೀಟಿ ಕೊಟ್ಟು ಇಟ್ಟುಕೊಳ್ಳುವ ಕೊಠಡಿ ಬೇಕು. ಟಿಕೆಟನ್ನು ಗೇಟಿಗೆ ನೂರು ಮೀಟರ್ ಮುಂಚೆಯೇ ಒಮ್ಮೆ ನೋಡಬೇಕು ಎನ್ನುವವರಿದ್ದಾರೆ. ಒಳ್ಳೆಯದೇ, ಆದರೆ ಆ ಜಾಗ ಅಗಲವಿರಬೇಕು. 2022ರ ಮೇ 28ರ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಸ್ಟಾದ್ ದ ಫ್ರಾನ್ಸ್‌ನಲ್ಲಿ ಇಂಥದೇ ಮುಂಗಡ ತಪಾಸಣೆಯನ್ನು ಇಕ್ಕಟ್ಟಾದ ದಾರಿಯಲ್ಲಿ ಇಟ್ಟು, ಲಿವರ್‌ಪೂಲ್ ಬೆಂಬಲಿಗರು ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡರು, ಪಂದ್ಯ ಅರ್ಧ ಗಂಟೆಗೂ ಹೆಚ್ಚು ತಡವಾಯಿತು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ನೇಮಿಸಿದ ಸ್ವತಂತ್ರ ತನಿಖೆಯೇ ಮುಖ್ಯ ಹೊಣೆ ಯುಯೆಫಾದ್ದು ಎಂದಿತು.

ಅಲ್ಲಿಯವರೆಗೆ ಈಗಿರುವ ಗೇಟಿಗೆ ಹೋಗುವವರು ಮಾಡಬಹುದಾದದ್ದು ಕೆಲವಿದೆ. ಟಿಕೆಟ್ ಫೋನಿನಲ್ಲಿ, ಪವರ್ ಬ್ಯಾಂಕ್ ನಿಷಿದ್ಧ. ಆದ್ದರಿಂದ ಮನೆಯಿಂದಲೇ ಚಾರ್ಜ್ ತುಂಬಿಸಿ, ದಾರಿಯಲ್ಲಿ ವಿಡಿಯೊ ನೋಡಬೇಡಿ. ಸ್ಟೇಡಿಯಂ ಸುತ್ತ ನೆಟ್‌ವರ್ಕ್ ಕುಸಿಯುತ್ತದೆ, ಟಿಕೆಟನ್ನು ಮೊದಲೇ ತೆರೆದು ಫೋನಿನಲ್ಲಿ ಉಳಿಸಿಕೊಳ್ಳಿ. ಆಗಾಗ ಬದಲಾಗುವ ಕೋಡ್ ಇದ್ದರೆ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಹೊರಡುವಾಗಲೇ ನೋಡಿಕೊಳ್ಳಿ. ಸ್ಟ್ಯಾಂಡಿನ ಹೆಸರಿಗಿಂತ ಟಿಕೆಟಿನ ಮೇಲಿನ ಗೇಟು ಸಂಖ್ಯೆ ಮುಖ್ಯ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬೇಕೋ ಎಂ.ಜಿ. ರಸ್ತೆಯಲ್ಲಿ ಇಳಿಯಬೇಕೋ ಅದೇ ಹೇಳುತ್ತದೆ. 7.30ರ ಪಂದ್ಯಕ್ಕೆ 6.30ರ ಮೆಟ್ರೊದಲ್ಲಿ ಇಳಿದರೆ ಅತಿ ದಟ್ಟಣೆಯಲ್ಲೇ ಸಿಗುತ್ತೀರಿ, ಅದಕ್ಕೂ ಒಂದು ಗಂಟೆ ಮುಂಚೆ, 5.30ಕ್ಕೇ ಬಂದರೆ ಸಾಲು ನಡೆಯುತ್ತಲೇ ಇರುತ್ತದೆ. ಹೆಲ್ಮೆಟ್ಟನ್ನು ಬೈಕಿಗೆ ಬೀಗ ಹಾಕಿ ಬನ್ನಿ. ಹತ್ತಿರದ ಅಂಗಡಿಯಲ್ಲಿ ದುಡ್ಡು ಕೊಟ್ಟು ಬ್ಯಾಗಿಟ್ಟರೆ ರಾತ್ರಿ ಹನ್ನೊಂದೂವರೆಗೆ ಬಾಗಿಲು ತೆಗೆದಿರುತ್ತದೆಯೇ ಎಂದು ಕೇಳಿಯೇ ಇಡಿ. ಹೆಂಗಸರ ಸಾಲು ಬೇರೆ, ಮರೆಯೊಳಗೆ ತಪಾಸಣೆ, ಹಲವು ಗೇಟುಗಳಲ್ಲಿ ಆ ಸಾಲು ಒಂದೇ ಇರುತ್ತದೆ. ಮನೆಯವರೆಲ್ಲ ಒಟ್ಟಿಗೆ ಹೋದಾಗ ಗಂಡಸರು ಮೊದಲು ಒಳಗೆ ಸೇರಿ ಗೇಟಿನ ಬಾಯಲ್ಲೇ ಕಾಯುತ್ತ ನಿಂತರೆ ಹಿಂದಿನವರಿಗೆಲ್ಲ ಅಡ್ಡ. ಒಳಗಿನ ಬ್ಲಾಕಿನ ಅಕ್ಷರವನ್ನೇ ಸೇರುವ ಜಾಗ ಎಂದು ಹೊರಗೇ ಮಾತಾಡಿಕೊಳ್ಳಿ, ಮಕ್ಕಳ ಟಿಕೆಟ್ ಯಾರ ಫೋನಿನಲ್ಲಿದೆಯೋ ಅವರ ಸಾಲಿನಲ್ಲೇ ಮಕ್ಕಳೂ ಇರಲಿ.