ಪ್ಲೀ ಬಾರ್ಗೇನಿಂಗ್ ಅರ್ಜಿಗೆ ಸಹಿ ಹಾಕುವ ಮುಂಚೆ ಇದನ್ನು ಓದಿ, ಆಮೇಲೆ ಅಪೀಲು ಇಲ್ಲ

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ತಿಳಿದುಕೊಂಡರೂ ಸಾಕು. ಕ್ರಿಮಿನಲ್ ಕೇಸಿನಲ್ಲಿ ರಾಜಿ ಬೇರೆ, ಪ್ಲೀ ಬಾರ್ಗೇನಿಂಗ್ ಬೇರೆ. ರಾಜಿಯಾದರೆ ಆರೋಪಿ ಖುಲಾಸೆ. ಪ್ಲೀ ಬಾರ್ಗೇನಿಂಗ್ ಅಂದರೆ ತಪ್ಪು ಒಪ್ಪಿಕೊಂಡು ಕಡಿಮೆ ಶಿಕ್ಷೆ ಕೇಳುವುದು, ಅದಾದರೆ ಆರೋಪಿ ಅಪರಾಧಿ. ಶಿಕ್ಷೆ ಆಗುತ್ತೆ, ಆ ತೀರ್ಪಿನ ಮೇಲೆ ಅಪೀಲು ಹಾಕುವ ಹಾಗಿಲ್ಲ. ನಮ್ಮ ವಕೀಲರು ಎರಡಕ್ಕೂ "ರಾಜಿ" ಅಂತಲೇ ಹೇಳಿದರು. ಆ ಒಂದು ಮಾತು ನಂಬಿ ನಮ್ಮಣ್ಣ ಈಗ ಒಳಗಿದ್ದಾನೆ.

ಕೇಸು 2022ರದ್ದು, ಐಪಿಸಿ 420, ಅಂದರೆ ಮೋಸ. ಸೈಟು ಕೊಡಿಸುತ್ತೇನೆಂದು ಪಡೆದ ₹3,60,000 ಅಡ್ವಾನ್ಸ್ ವಾಪಸ್ ಕೊಡಲಿಲ್ಲ ಅಂತ ದೂರು. ದೂರುದಾರರಿಗೆ ದುಡ್ಡು ಬಂದರೆ ಸಾಕಿತ್ತು. ಇಂಥದ್ದು ಹೇಗೆ ಮುಗಿಯುತ್ತೆ ಅಂತ ಕೋರ್ಟಿಗೆ ಅಲೆದವರಿಗೆಲ್ಲ ಗೊತ್ತು. ದುಡ್ಡು ಕಟ್ಟಬೇಕು, ಇಬ್ಬರೂ ಸೇರಿ ಅರ್ಜಿ ಹಾಕಬೇಕು, ಕೋರ್ಟಿನ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬೇಕು. 420ಕ್ಕೆ ಅದಕ್ಕೆ ಅವಕಾಶ ಇದೆ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಕಾನೂನಿದೆಯಲ್ಲ, ಹಳೆಯ ಸಿಆರ್‌ಪಿಸಿಯಲ್ಲಿ ಸೆಕ್ಷನ್ 320, ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 359. ರಾಜಿಯಾದರೆ ಅದು ಖುಲಾಸೆಗೆ ಸಮ ಅಂತ ಅದೇ ಸೆಕ್ಷನ್ನಿನಲ್ಲಿ ಬರೆದಿದೆ. ಇದನ್ನೇ ಮಾಡಿಸಬಹುದಿತ್ತು. ಇದನ್ನೇ ಮಾಡಿಸುತ್ತಿದ್ದಾರೆ ಅಂದುಕೊಂಡೇ ನಾವು ದುಡ್ಡು ಹೊಂದಿಸಿದ್ದು.

ವಕೀಲರು ಸಹಿ ಹಾಕಿಸಿದ್ದು ಬೇರೆ ಅರ್ಜಿಗೆ, ಸಿಆರ್‌ಪಿಸಿ 265ಬಿ, ಅಂದರೆ ಪ್ಲೀ ಬಾರ್ಗೇನಿಂಗ್ ಅರ್ಜಿ. "ರಾಜಿ ಪೇಪರ್ರು, ಬೇಗ ಮುಗಿಯುತ್ತೆ, ಲೋಕ ಅದಾಲತ್‌ವರೆಗೆ ಕಾಯೋದು ಬೇಡ" ಅಂದರು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಅಫಿಡವಿಟ್. ಈ ಅಪರಾಧಕ್ಕೆ ಕಾನೂನಿನಲ್ಲಿ ಯಾವ ಶಿಕ್ಷೆ, ಎಷ್ಟು ಅಂತ ತಿಳಿದುಕೊಂಡು ಸ್ವಇಚ್ಛೆಯಿಂದ ಅರ್ಜಿ ಹಾಕುತ್ತಿದ್ದೇನೆ, ಇದೇ ಅಪರಾಧಕ್ಕೆ ಹಿಂದೆ ಶಿಕ್ಷೆಯಾಗಿಲ್ಲ ಅಂತ ಅದರಲ್ಲಿದೆ. ಅಣ್ಣನಿಗೆ ಇಂಗ್ಲಿಷ್ ಬರಲ್ಲ. ಯಾರೂ ಓದಿ ಹೇಳಲಿಲ್ಲ. ಅರ್ಜಿ ಬಂದ ಮೇಲೆ ಜಡ್ಜ್ ಆರೋಪಿಯನ್ನು ಒಬ್ಬನನ್ನೇ ಛೇಂಬರಿಗೆ ಕರೆದು, ಬೇರೆ ಪಾರ್ಟಿ ಯಾರೂ ಇಲ್ಲದಾಗ, ಇದು ಸ್ವಇಚ್ಛೆಯೋ ಅಲ್ಲವೋ ಅಂತ ಕೇಳಬೇಕು. ಕೇಳಿದರು. "ಹೌದು ಸ್ವಾಮಿ ಅನ್ನು, ಬೇರೇನೂ ಮಾತಾಡಬೇಡ" ಅಂತ ವಕೀಲರು ಮೊದಲೇ ಹೇಳಿಕೊಟ್ಟಿದ್ದರು. ಹಾಗೇ ಅಂದ.

ಅಲ್ಲೇ ಹೋಯಿತು ನೋಡಿ. "ನನಗೆ ಅರ್ಥವಾಗಿಲ್ಲ, ನಾನು ಅಂದುಕೊಂಡಿದ್ದು ಬರೀ ರಾಜಿ" ಅಂತ ಆ ಕೋಣೆಯಲ್ಲಿ ಹೇಳಿದ್ದರೆ ಸಾಕಿತ್ತು. ಸ್ವಇಚ್ಛೆ ಅಲ್ಲ ಅಂತ ಕಂಡರೆ, ಅರ್ಜಿ ಹಾಕಿದಾಗ ಕೇಸು ಯಾವ ಹಂತದಲ್ಲಿತ್ತೋ ಅಲ್ಲಿಂದಲೇ ವಿಚಾರಣೆ ಮುಂದುವರಿಯುತ್ತೆ, ಆರೋಪಿಗೆ ಏನೂ ನಷ್ಟವಿಲ್ಲ. ಆಗ ಕೊಟ್ಟ ಹೇಳಿಕೆಯನ್ನು ಬೇರೆ ಯಾವುದಕ್ಕೂ ಬಳಸುವ ಹಾಗಿಲ್ಲ ಅಂತಲೂ ಕಾನೂನಿದೆ.

ನಮಗೆ ಗೊತ್ತಿಲ್ಲದ ಇನ್ನೊಂದು ವಿಷಯ ಇತ್ತು. ನಮ್ಮ ದೇಶದ ಪ್ಲೀ ಬಾರ್ಗೇನಿಂಗ್‌ನಲ್ಲಿ ಮಾತುಕತೆ ನಡೆಯುವುದು ಮುಖ್ಯವಾಗಿ ಪರಿಹಾರ, ಖರ್ಚಿನ ಬಗ್ಗೆ. ಶಿಕ್ಷೆ ಎಷ್ಟು ಅನ್ನುವುದು ಆ ಮೀಟಿಂಗಿನಲ್ಲಿ ತೀರ್ಮಾನ ಆಗಲ್ಲ. ಅದು ಜಡ್ಜ್ ಕೈಯಲ್ಲಿ. ಪರಿಹಾರ ಕೊಡಿಸಿದ ಮೇಲೆ ಶಿಕ್ಷೆಯ ಬಗ್ಗೆ ವಾದ ಕೇಳುತ್ತಾರೆ. ಪ್ರೊಬೇಷನ್ ಮೇಲೆ, ಅಂದರೆ ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ, ಬಿಡಬಹುದು. ಕಾನೂನಿನಲ್ಲಿ ಕನಿಷ್ಠ ಶಿಕ್ಷೆ ಇದ್ದರೆ ಅದರ ಅರ್ಧ. ಕನಿಷ್ಠ ಇಲ್ಲದಿದ್ದರೆ ಗರಿಷ್ಠದ ನಾಲ್ಕನೇ ಒಂದು. 420ಕ್ಕೆ ಗರಿಷ್ಠ 7 ವರ್ಷ, ಅಂದರೆ 84 ತಿಂಗಳು, ನಾಲ್ಕನೇ ಒಂದು 21 ತಿಂಗಳು.

ತೀರ್ಪಿನ ದಿನ ಆ ಇಪ್ಪತ್ತೊಂದು ಅನ್ನುವ ಸಂಖ್ಯೆ ಕೇಳಿದಾಗ ಬೇರೆ ಯಾರದ್ದೋ ಕೇಸು ಓದುತ್ತಿದ್ದಾರೆ ಅಂದುಕೊಂಡೆ. ದುಡ್ಡು ಪೂರ್ತಿ ಕಟ್ಟಾಗಿತ್ತು. ರಶೀದಿ ನನ್ನ ಜೇಬಿನಲ್ಲೇ ಇತ್ತು. ದುಡ್ಡೂ ಹೋಯಿತು, ಅಣ್ಣನೂ ಹೋದ. ಪ್ರೊಬೇಷನ್ನಿಗೆ ವಕೀಲರು ಒಂದು ಮಾತು ಕೇಳಿರಲಿಲ್ಲ. "ಮೊದಲ ಸಲ ತಪ್ಪು ಮಾಡಿದವರಿಗೆ ಆರನೇ ಒಂದು" ಅಂತ ವಕೀಲರು ಸಹಿಗೆ ಮುಂಚೆ ಹೇಳಿದ್ದರು, ಆದರೆ ಅದು ಬಿಎನ್‌ಎಸ್‌ಎಸ್ 293ರಲ್ಲಿ ಬಂದ ರಿಯಾಯಿತಿ. 2024ರ ಜುಲೈ 1ಕ್ಕೆ ಮುಂಚೆ ವಿಚಾರಣೆ ಶುರುವಾದ ಕೇಸು ಅದೇ ಬಿಎನ್‌ಎಸ್‌ಎಸ್‌ನ ಸೆಕ್ಷನ್ 531ರ ಪ್ರಕಾರ ಹಳೆಯ ಸಿಆರ್‌ಪಿಸಿಯಲ್ಲೇ ನಡೆಯುತ್ತೆ, ಅದರಲ್ಲಿ ಆರನೇ ಒಂದು ಇಲ್ಲ. ಇದು ವಕೀಲರಿಗೆ ಗೊತ್ತಿರಬೇಡವಾ?

ಕೇಳಿದರೆ ಬಂದ ಉತ್ತರ: "ನಾನು ಪ್ಲೀ ಬಾರ್ಗೇನಿಂಗ್ ಅಂತಲೇ ಹೇಳಿದ್ದೆ, ಸಹಿ ಹಾಕಿದ್ದು ನೀವು." ಆಮೇಲೆ, "ಯೋಚನೆ ಮಾಡಬೇಡಿ, ಸೆಷನ್ಸ್‌ನಲ್ಲಿ ಅಪೀಲು ಹಾಕೋಣ, ಶಿಕ್ಷೆ ಕಡಿಮೆ ಆಗುತ್ತೆ." ಅದಕ್ಕೆ ₹25,000 ತೆಗೆದುಕೊಂಡರು. ಅಪೀಲು ನಡೆಯುವುದೇ ಇಲ್ಲ ಅಂತ ಸೆಷನ್ಸ್ ಕೋರ್ಟಿನ ಕಚೇರಿಯವರೇ ಆಕ್ಷೇಪಣೆ ಹಾಕಿ ಹೇಳಬೇಕಾಯಿತು. ದುಡ್ಡು ವಾಪಸ್ ಕೇಳಿದರೆ, "ಟೈಪಿಂಗು, ಕಾಪಿ ಎಲ್ಲಾ ಖರ್ಚಾಗಿದೆ."

ಈ ಗೊಂದಲ ಎಲ್ಲಿಂದ ಬರುತ್ತೆ ಅಂತ ಹೇಳುತ್ತೇನೆ, ಇದರಲ್ಲೇ ಬಹಳ ಜನ ಸಿಕ್ಕಿಬೀಳುತ್ತಾರೆ. ಚಾರ್ಜ್ (ಕೋರ್ಟು ಹೊರಿಸುವ ಆರೋಪ) ಓದಿದಾಗ ಸುಮ್ಮನೆ "ತಪ್ಪು ಒಪ್ಪಿಕೊಂಡೆ" ಅಂದು ಶಿಕ್ಷೆಯಾದರೆ, ಮ್ಯಾಜಿಸ್ಟ್ರೇಟ್ ಅಥವಾ ಸೆಷನ್ಸ್ ತೀರ್ಪಿನ ಮೇಲೆ ಅಪೀಲಿಗೆ ಒಂದು ಸಣ್ಣ ಬಾಗಿಲು ಇದೆ. ಶಿಕ್ಷೆಯ ಪ್ರಮಾಣ ಅಥವಾ ಕಾನೂನುಬದ್ಧತೆಯನ್ನು ಪ್ರಶ್ನಿಸಬಹುದು (ಹಳೆಯ 375, ಈಗ 416). ಪ್ಲೀ ಬಾರ್ಗೇನಿಂಗ್‌ನಲ್ಲಿ ಆ ಬಾಗಿಲೂ ಇಲ್ಲ. ಹಳೆಯ 265ಜಿ, ಈಗಿನ 295: ತೀರ್ಪು ಅಂತಿಮ. ಉಳಿಯುವುದು ಹೈಕೋರ್ಟಿನಲ್ಲಿ ಸಂವಿಧಾನದ 226, 227ನೇ ವಿಧಿಯ ರಿಟ್ (ಅನ್ಯಾಯವಾಗಿದೆ ಅಂತ ನೇರ ಹೈಕೋರ್ಟಿಗೇ ಹಾಕುವ ಅರ್ಜಿ), ಸುಪ್ರೀಂ ಕೋರ್ಟಿನಲ್ಲಿ 136ರ ವಿಶೇಷ ಅನುಮತಿ ಅರ್ಜಿ, ಅಷ್ಟೆ. ಅಪೀಲೇ ಇಲ್ಲದ ಮೇಲೆ ಅಪೀಲಿನ ಜೊತೆಗೆ ಕೇಳುವ ಶಿಕ್ಷೆ ಅಮಾನತೂ ಇಲ್ಲ. ರಿಟ್‌ನಲ್ಲೇ ಮಧ್ಯಂತರ ಆದೇಶ ಕೇಳಬೇಕು.

ರಿಟ್‌ನಲ್ಲಿ "ಶಿಕ್ಷೆ ಜಾಸ್ತಿಯಾಯ್ತು" ಅಂದರೆ ನಡೆಯುವುದು ಕಷ್ಟ. ಸ್ವಇಚ್ಛೆ ಇರಲಿಲ್ಲ, ಛೇಂಬರಿನ ವಿಚಾರಣೆ ನೆಟ್ಟಗೆ ನಡೆಯಲಿಲ್ಲ, ದೂರುದಾರರಿಗೆ ನೋಟಿಸ್ ಹೋಗಿಲ್ಲ, ಒಪ್ಪಂದದ ವರದಿಗೆ ಎಲ್ಲರ ಸಹಿ ಇಲ್ಲ, ಕಾನೂನು ಹೇಳಿದ್ದಕ್ಕಿಂತ ಹೆಚ್ಚು ಶಿಕ್ಷೆ, ಅಥವಾ ಈ ಅಪರಾಧಕ್ಕೆ ಪ್ಲೀ ಬಾರ್ಗೇನಿಂಗ್ ಅನ್ವಯಿಸುವುದೇ ಇಲ್ಲ (7 ವರ್ಷ ಮೀರಿದ ಶಿಕ್ಷೆಯವು, ಹೆಂಗಸರ ಮೇಲಿನ ಅಪರಾಧ, ಮಕ್ಕಳ ಮೇಲಿನದು), ಇಂಥ ಕಾರಣ ಬೇಕು. ಹಾಗಾಗಿ ತೀರ್ಪಿನ ಪ್ರತಿ ಒಂದೇ ಸಾಲದು. ಅರ್ಜಿ, ಅಫಿಡವಿಟ್, ಪೂರ್ತಿ ಆರ್ಡರ್ ಶೀಟ್, ಛೇಂಬರಿನ ಹೇಳಿಕೆ, ಒಪ್ಪಂದದ ವರದಿ ಎಲ್ಲದಕ್ಕೂ ಅವತ್ತೇ ಸರ್ಟಿಫೈಡ್ ಕಾಪಿ ಅರ್ಜಿ ಹಾಕಿ. ನಾವು ಇಲ್ಲದ ಅಪೀಲಿನ ಹಿಂದೆ ಓಡಾಡಿ ಎರಡು ತಿಂಗಳು ಕಳೆದೆವು. ರಿಟ್‌ನಲ್ಲಿ ಮೊದಲು ಕೇಳುವುದೇ ಇಷ್ಟು ತಡ ಯಾಕೆ ಅಂತ.

ಒಪ್ಪಿಸಿ ಆಮೇಲೆ ಕೈಕೊಡುವುದು ಹೊಸದಲ್ಲ. ಈ ಕಾನೂನು ಬಂದಿದ್ದು 2006ರಲ್ಲಿ. ಅದಕ್ಕೂ ಮುಂಚೆ, 1983ರಲ್ಲಿ ವರದಿಯಾದ ತಿಪ್ಪಸ್ವಾಮಿ ಕೇಸು ನಮ್ಮ ಕರ್ನಾಟಕದ್ದೇ. ದಂಡ ಕಟ್ಟಿದರೆ ಮುಗಿಯುತ್ತೆ ಅಂತ ನಂಬಿ ತಪ್ಪೊಪ್ಪಿಕೊಂಡವನಿಗೆ ಹೈಕೋರ್ಟಿನಲ್ಲಿ ಶಿಕ್ಷೆ ಹೆಚ್ಚಾಗಿ ಜೈಲಾಯಿತು. ಆಸೆ ತೋರಿಸಿ ಒಪ್ಪಿಸಿ, ಮೇಲೆ ಹೋಗಿ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೇ ವಿಧಿಗೆ (ಜೀವ, ಸ್ವಾತಂತ್ರ್ಯದ ಹಕ್ಕು) ವಿರುದ್ಧ ಅಂತ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಹೊಸ ವಕೀಲರು ರಿಟ್‌ನಲ್ಲಿ ಇದನ್ನೂ ಹಾಕಿದ್ದಾರೆ.

ಹೊಸ ಕೇಸಿನವರೇ, ನಿಮಗೆ ಇನ್ನೂ ಆತುರ ಮಾಡುತ್ತಾರೆ. ಈಗ ಚಾರ್ಜ್ ಆದ 30 ದಿನದೊಳಗೆ ಅರ್ಜಿ ಹಾಕಬೇಕು, 60 ದಿನದಲ್ಲಿ ಒಪ್ಪಂದ ಆಗಬೇಕು. "ಇವತ್ತೇ ಲಾಸ್ಟು" ಅಂತಾರೆ. ಅರ್ಜಿಯ ಮೇಲೆ ಯಾವ ಸೆಕ್ಷನ್ ಬರೆದಿದೆ ನೋಡಿ. 359 ಇದ್ದರೆ ರಾಜಿ. 290 ಇದ್ದರೆ ಪೆನ್ನು ಕೆಳಗಿಡಿ, ಕನ್ನಡದಲ್ಲಿ ಓದಿಸಿ, ಜೈಲು ಎಷ್ಟು ತಿಂಗಳು ಆಗಬಹುದು ಅಂತ ಲೆಕ್ಕ ಬರೆಸಿಕೊಳ್ಳಿ, ಪ್ರೊಬೇಷನ್ ಅರ್ಜಿ ಜೊತೆಗೇ ಹಾಕಿಸಿ. ವಿಚಾರಣೆ ವೇಳೆ ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯಲು ಹೇಳಿ. ಅಣ್ಣನ 19 ದಿನವನ್ನೂ ಕೇಳಿರಲಿಲ್ಲ, ನಾವೇ ಜೈಲಿನ ದಾಖಲೆ ತಂದು ಕೊಟ್ಟೆವು.

ಈಗಾಗಲೇ ಒಳಗಿರುವವರ ಮನೆಯವರಿಗೆ: ಬಂಧನದಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಹೈಕೋರ್ಟ್ ರಿಟ್ ಬೇಕು ಅಂತ ಹೇಳಿ. ಅಪೀಲು ಅನ್ನಬೇಡಿ, ರಿಟ್ ಅನ್ನಿ.