ಪಂಕ್ಚರ್ ಆದಾಗ ಡಿಕ್ಕಿಯಿಂದ ಮೊದಲು ಏನು ತೆಗೆಯಬೇಕು: ಸ್ಟೆಪ್ನಿಯೋ, ಸ್ಟ್ರಿಪ್ಪೋ, ಸೀಲೆಂಟೋ?

ದಾವಣಗೆರೆಯಿಂದ ಪುಣೆಗೋ, ಚಿತ್ರದುರ್ಗದಿಂದ ಹೊಸಪೇಟೆ ಮೇಲೆ ಸೊಲ್ಲಾಪುರಕ್ಕೋ ಕಾರಲ್ಲಿ ಹೊರಡುವವರ ತಯಾರಿಯಲ್ಲಿ ಟೈರಿನ ಮಾತು ಬರುವುದೇ ಕೊನೆಗೆ. ‘ಸ್ಟೆಪ್ನಿ ಇದೆಯಲ್ಲ’ ಅಂದು ಬಿಟ್ಟುಬಿಡುತ್ತಾರೆ. ಟ್ಯೂಬ್‌ಲೆಸ್ ಟೈರಿಗೆ ಇರುವ ಮೂರು ಉಪಾಯಗಳನ್ನು 185/65 ಆರ್15 ಅಳತೆಯ ಟೈರಿನ ಮೇಲೆ, ಡಿಕ್ಕಿ ತುಂಬ ಸಾಮಾನಿದ್ದಾಗಲೇ ಬಳಸಿ ನೋಡಿ ಬರೆದದ್ದು ಇದು. ನಮ್ಮ ಆಯ್ಕೆ: ಮೊಳೆ ಚುಚ್ಚಿದ್ದರೆ ಗಾಳಿ ಹೊಡೆಯುವ ಕಂಪ್ರೆಸರ್ ಮತ್ತು ರಂಧ್ರಕ್ಕೆ ತುರುಕುವ ಅಂಟುಬತ್ತಿ, ಅಂದರೆ ಸ್ಟ್ರಿಪ್; ಪಕ್ಕೆ ಹರಿದಿದ್ದರೆ ಸ್ಟೆಪ್ನಿ. ಬೇರೇನೂ ಇಲ್ಲದಾಗ ಮಾತ್ರ ಸೀಲೆಂಟ್, ಅಂದರೆ ಟೈರಿನೊಳಗೆ ಹಿಂಡುವ ರಂಧ್ರ ಮುಚ್ಚುವ ರಸ.

ಪಂಕ್ಚರ್ ಎಲ್ಲಾ ಒಂದೇ ಥರ ಇರುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 48ರ ಅಂಚಿನಲ್ಲಿ ಸಿಡಿದ ಲಾರಿ ಟೈರಿನ ಚೂರುಗಳು ಬಿದ್ದಿರುತ್ತವೆ. ಅವುಗಳೊಳಗಿನ ಉಕ್ಕಿನ ತಂತಿ ಕೂದಲಿಗಿಂತ ತುಸು ದಪ್ಪ, ಅಷ್ಟೆ. ಟೈರಿಗೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿದರೆ ಜಾಲಿಮುಳ್ಳಿನ ತುದಿಯಂತೆ ತಗಲುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ನಾಲ್ಕೈದು ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಗಾಳಿ ಇಳಿದಿರುತ್ತದೆ. ಒಳರಸ್ತೆಗಳಲ್ಲಿ ಸಿಗುವುದು ಎತ್ತಿನ ಲಾಳದ ಮೊಳೆ. ಇವೆರಡೂ ಟೈರಿನ ಅಡಿಭಾಗಕ್ಕೆ ಚುಚ್ಚುವಂಥವು, ರಿಪೇರಿ ಆಗುತ್ತವೆ. ಗುಂಡಿಯ ಚೂಪು ಅಂಚು ಪಕ್ಕೆಯನ್ನು ಸೀಳಿದರೆ ಆ ಟೈರಿನ ಕಥೆ ಮುಗಿಯಿತು, ಅದಕ್ಕೆ ಯಾವ ಸ್ಟ್ರಿಪ್ಪೂ ಹಾಕಕೂಡದು.

ಮೊದಲು ಸ್ಟ್ರಿಪ್. ಕಿಟ್‌ನಲ್ಲಿ ರಂಧ್ರ ಉಜ್ಜುವ ಅರ, ಸೂಜಿ, ಅಂಟುಬತ್ತಿ, ಸೊಲ್ಯೂಷನ್ ಇರುತ್ತವೆ. ನುರಿತ ಕೈಗೆ ಹದಿನೈದು ನಿಮಿಷದ ಕೆಲಸ. ಚಕ್ರ ಬಿಚ್ಚುವುದೇ ಬೇಡ, ಕಾರನ್ನು ಸ್ವಲ್ಪ ಮುಂದೆ ಉರುಳಿಸಿ ಮೊಳೆಯನ್ನು ಕೈಗೆಟಕುವಲ್ಲಿಗೆ ತಂದರೆ ಸಾಕು. ಹೆಚ್ಚಿನವರು ಎಡವುವುದು ಇಲ್ಲಿಯೇ: ಮೊಳೆ ಕಂಡ ತಕ್ಷಣ ಕೀಳುತ್ತಾರೆ. ಕೀಳಬೇಡಿ. ಮೊದಲು 30 ಪಿ.ಎಸ್.ಐ.ವರೆಗೆ ಗಾಳಿ ಹೊಡೆಯಿರಿ. ಗಾಳಿ ಒಳಗೇ ನಿಂತರೆ, ಇಲ್ಲವೇ ತುಸುವೇ ಸೋರುತ್ತಿದ್ದರೆ, ಮೊಳೆಯನ್ನು ಹಾಗೇ ಬಿಟ್ಟು ಮುಂದಿನ ಊರಿನ ಪಂಕ್ಚರ್ ಅಂಗಡಿಗೆ ನಿಧಾನಕ್ಕೆ ಹೋಗುವುದೇ ಒಳ್ಳೆಯದು. ನಿಲ್ಲದಿದ್ದರೆ ಮಾತ್ರ ಕೀಳಿ. ಕೀಳುವಾಗ ಮೊಳೆ ಯಾವ ಓರೆಯಲ್ಲಿ ಹೋಗಿದೆ ಎಂದು ನೋಡಿಕೊಳ್ಳಬೇಕು. ಅರವನ್ನು ಅದೇ ಓರೆಯಲ್ಲಿ ಐದಾರು ಸಲ ಒಳಹೊರಗೆ ಆಡಿಸಿ. ನೇರ ತೂರಿಸಿದರೆ ಒಳಗಿನ ಉಕ್ಕಿನ ಪದರದಲ್ಲಿ ಎರಡನೆಯ ತೂತು ಬಿದ್ದು, ಬತ್ತಿ ಹಾಕಿದ ಮೇಲೂ ಸೋರುತ್ತದೆ. ಬತ್ತಿಯನ್ನು ಸೂಜಿಯ ನಡುಮಧ್ಯಕ್ಕೆ ಪೋಣಿಸಿ ಸೊಲ್ಯೂಷನ್ ಸವರಿ, ಎರಡು ತುದಿಯೂ ಹೊರಗೆ ಒಂದು ಸೆಂಟಿಮೀಟರ್ ಉಳಿಯುವಷ್ಟು ತಳ್ಳಿ. ಸೂಜಿಯನ್ನು ತಿರುಚದೆ ಒಂದೇ ಏಟಿಗೆ ಎಳೆಯಿರಿ, ತಿರುಚಿದರೆ ಬತ್ತಿಯೂ ಜೊತೆಗೇ ಬರುತ್ತದೆ. ತುದಿಗಳನ್ನು 3 ಮಿ.ಮೀ. ಬಿಟ್ಟು ಕತ್ತರಿಸಿ, ಸೋಪುನೀರು ಹಾಕಿ ನೋಡಿ. ಗುಳ್ಳೆ ಬಂದರೆ ಅದೇ ರಂಧ್ರಕ್ಕೆ ಇನ್ನೊಂದು ಬತ್ತಿ. 6 ಮಿ.ಮೀ.ಗಿಂತ ದೊಡ್ಡ ರಂಧ್ರಕ್ಕೆ ಇದು ಮದ್ದಲ್ಲ. ಡಿಕ್ಕಿಯ ಬಿಸಿಲಿಗೆ ಒಣಗಿ ಗಟ್ಟಿಯಾದ ಬತ್ತಿ ಹಿಡಿಯುವುದಿಲ್ಲ, ಬೆರಳಿಗೆ ಅಂಟದಿದ್ದರೆ ಬಿಸಾಡಿ ಹೊಸದು ತನ್ನಿ.

ಸ್ಟೆಪ್ನಿಗೆ ಬೇಕಾದ್ದು ಅರ್ಧ ಗಂಟೆ, ಜೊತೆಗೆ ಡಿಕ್ಕಿಯ ಸಾಮಾನೆಲ್ಲ ರಸ್ತೆಗೆ. ಅದು ಕೈಕೊಡುವುದು ಮೂರು ಕಡೆ. ಒಂದು, ಬೇಕಾದ ಹೊತ್ತಿಗೆ ಅದರಲ್ಲೇ 15 ಪಿ.ಎಸ್.ಐ. ಗಾಳಿ ಇರುವುದು. ಎರಡು, ಗ್ಯಾರೇಜಿನ ಏರ್‌ಗನ್ ಬಿಗಿದ ನಟ್ಟು ಕಾರಿನೊಡನೆ ಬಂದ ಗಿಡ್ಡ ಪಾನಕ್ಕೆ ಬಗ್ಗದಿರುವುದು. ನಿಮ್ಮ ಕಾರಿಗೆ ತಕ್ಕಂತೆ 17, 19 ಅಥವಾ 21 ಮಿ.ಮೀ. ಬಾಯಿಯ ಪ್ಲಸ್ ಆಕಾರದ ಪಾನ ಒಂದನ್ನು ಹಾಕಿಕೊಳ್ಳಿ, ಹೊರಡುವ ಮುಂಚೆ ಮನೆ ಮುಂದೆಯೇ ನಾಲ್ಕೂ ಚಕ್ರದ ಒಂದೊಂದು ನಟ್ಟು ಸಡಿಲಿಸಿ ಮತ್ತೆ ಬಿಗಿದು ನೋಡಿ. ಮೂರನೆಯದು ನಮ್ಮ ಸೀಮೆಯ ಎರೆಮಣ್ಣು. ಮಳೆಗಾಲದಲ್ಲಿ ರಸ್ತೆ ಬದಿಗೆ ಜಾಕ್ ಇಟ್ಟರೆ ಕಾರು ಏಳುವುದಿಲ್ಲ, ಜಾಕ್ ಇಳಿಯುತ್ತದೆ. ಒಂದಡಿ ಚೌಕದ ದಪ್ಪ ಪ್ಲೈವುಡ್ ತುಂಡು ಕೆಳಗಿಡಬೇಕು. ನಟ್ಟು ಸಡಿಲಿಸುವುದು ಜಾಕ್ ಏರಿಸುವ ಮುಂಚೆ, ಬಿಗಿಯುವುದು ಎದುರುಬದುರು ಕ್ರಮದಲ್ಲಿ, 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿಟ್ಟರೆ ಜಾಕ್ ಜಾರಿದರೂ ಕೈ ಉಳಿಯುತ್ತದೆ. ಸ್ಟೆಪ್ನಿ ಸಣ್ಣ ಅಳತೆಯದಾದರೆ ಅದರ ಮೇಲೆ ಬರೆದ ವೇಗ, ಸಾಮಾನ್ಯವಾಗಿ 80 ಕಿ.ಮೀ., ದಾಟಬಾರದು.

ಸ್ಟೆಪ್ನಿಯೇ ಇಲ್ಲದ ಕಾರುಗಳೂ ಈಗ ಬರುತ್ತಿವೆ. ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಇದ್ದರೆ 3.5 ಟನ್‌ವರೆಗಿನ ಪ್ರಯಾಣಿಕ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮವಾಯಿತು. ಅಂಥ ಕಾರಿನವರು ದೂರದ ದಾರಿಗೆ ಸ್ಟ್ರಿಪ್ ಕಲಿಯದೆ ಹೊರಡಬಾರದು.

ಸೀಲೆಂಟ್ ಹಾಕುವುದು ಎಲ್ಲಕ್ಕಿಂತ ಸುಲಭ: ವಾಲ್ವ್ ಪಿನ್ ಬಿಚ್ಚಿ ಬಾಟಲಿ ಹಿಂಡಿ, ಗಾಳಿ ತುಂಬಿ, ಮೂರ್ನಾಲ್ಕು ಕಿಲೋಮೀಟರ್ ಓಡಿಸಿದರೆ ರಸ ಸುತ್ತಲೂ ಹರಡಿ ರಂಧ್ರ ಮುಚ್ಚುತ್ತದೆ. ಅಮ್ಮನೋ ಮಗಳೋ ಒಬ್ಬರೇ ಓಡಿಸುವ ಕಾರಿನಲ್ಲಿ, ಕತ್ತಲಲ್ಲಿ, ಇದಕ್ಕೆ ಬೆಲೆ ಇದೆ. ಆದರೆ ರಾತ್ರಿ ನಿಲ್ಲಿಸಿದರೆ ರಸವೆಲ್ಲ ಕೆಳಗೆ ಕೂತು, ಮರುದಿನ ವೇಗ ಏರಿಸಿದಾಗ ಸ್ಟೇರಿಂಗ್ ನಡುಗುತ್ತದೆ. ವಾಲ್ವ್ ಕಟ್ಟಿಕೊಳ್ಳುತ್ತದೆ, ಒತ್ತಡದ ಸೆನ್ಸರ್ ಹಾಳಾಗಲೂಬಹುದು. ಒಳಗೆ ತೊಳೆದು ಒಣಗಿಸದ ಹೊರತು ಪ್ಯಾಚ್ ಅಂಟುವುದಿಲ್ಲ, ಅಂಗಡಿಯವರು ಮುಖ ಸಿಂಡರಿಸುವುದು ಅದಕ್ಕೇ.

ಗಾಳಿ ಹೊಡೆಯಲು ಕಾಲಿನ ಪಂಪ್ ಬೇಡ, ಪೂರ್ತಿ ಇಳಿದ ಟೈರಿಗೆ ಇನ್ನೂರಕ್ಕೂ ಹೆಚ್ಚು ತುಳಿತ ಬೇಕು. ಬ್ಯಾಟರಿ ಪಂಪ್ ಹಗುರ, ಆದರೆ ಚಾರ್ಜ್ ಮಾಡುವುದು ಮರೆತರೆ ಮುಗಿಯಿತು. ನಮ್ಮ ಮತ 12 ವೋಲ್ಟ್ ಸಾಕೆಟ್‌ನ ಕಂಪ್ರೆಸರ್‌ಗೆ. ಇಂಜಿನ್ ಚಾಲೂ ಇಟ್ಟು ಹೊಡೆದರೆ ಐದಾರು ನಿಮಿಷ. ಸಾಕೆಟ್ಟಿನ ಫ್ಯೂಸ್ 10 ಆಂಪಿಯರ್‌ನದಾದರೆ 120 ವ್ಯಾಟ್ ಮೀರಿದ ಕಂಪ್ರೆಸರ್ ಅದನ್ನು ಸುಡುತ್ತದೆ, ಎರಡು ಫ್ಯೂಸ್ ಹೆಚ್ಚಿಗೆ ಇಟ್ಟುಕೊಳ್ಳಿ. ವಾಲ್ವಿಗೆ ತಿರುಗಿಸುವ ಹಿತ್ತಾಳೆ ತುದಿ ಕೈ ಸುಡುವಷ್ಟು ಕಾದಿರುತ್ತದೆ, ಬಟ್ಟೆ ಹಿಡಿದು ಬಿಚ್ಚಿ.

ಒಂದು ಎಚ್ಚರಿಕೆ. ಗಾಳಿ ಇಲ್ಲದ ಟೈರನ್ನು ಅರ್ಧ ಕಿಲೋಮೀಟರ್ ಓಡಿಸಿದರೂ ಪಕ್ಕೆಯ ಒಳಮೈ ಉಜ್ಜಿ ಕಪ್ಪು ಪುಡಿಯಾಗುತ್ತದೆ. ಟೈರ್ ಬಿಚ್ಚಿದಾಗ ಒಳಗೆ ಆ ಪುಡಿ ಕಂಡರೆ ರಂಧ್ರ ಎಷ್ಟೇ ಸಣ್ಣದಿರಲಿ, ಟೈರ್ ಬದಲಿಸಿ. ದಾವಣಗೆರೆ ಹತ್ತಿರದ ಹೆಬ್ಬಾಳು ಟೋಲ್ ಎದುರಿಗೇ ಕಂಡರೂ ಅಲ್ಲಿಯವರೆಗೆ ಉರುಳಿಸಬೇಡಿ. ಎಡಕ್ಕೆ ಬಿಳಿ ಗೆರೆಯಾಚೆ ನಿಲ್ಲಿಸಿ, ತ್ರಿಕೋನ ಫಲಕವನ್ನು 50 ಮೀಟರ್ ಹಿಂದಿಡಿ, ಜಾಗ ಅಪಾಯದ್ದೆನಿಸಿದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಸ್ಟ್ರಿಪ್ ಹಾಕಿ ಹೊರಟವರು ಹುಬ್ಬಳ್ಳಿಯಲ್ಲೋ ಹೊಸಪೇಟೆಯಲ್ಲೋ ಚಕ್ರ ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಮಶ್ರೂಮ್ ಪ್ಯಾಚ್ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ 80ರ ಮೇಲೆ ಬೇಡ.