ಹಳೇ ಅಲಾಯ್ ವೀಲ್ ಕೊಳ್ಳುವ ಮುಂಚೆ ನಡುವಿನ ತೂತು ಅಳೆಯಿರಿ, ನನ್ನ ಥರ ಮೋಸ ಹೋಗಬೇಡಿ

ಮೊದಲೇ ಹೇಳಿಬಿಡುತ್ತೇನೆ. ವೀಲ್‌ನ ನಡುವಿನ ತೂತು ಅಳೆಯದೆ ಯಾರಿಗೂ ದುಡ್ಡು ಕೊಡಬೇಡಿ. ನಾನು ಕೊಟ್ಟೆ. ಇನ್ನೂ ಮೈ ಉರಿಯುತ್ತಿದೆ.

ಸೆಕೆಂಡ್ ಹ್ಯಾಂಡ್ ಅಲಾಯ್, ನಾಲ್ಕೂ ಹೊಸದರ ಹಾಗೆ ಹೊಳೆಯುತ್ತಿದ್ದವು. ನಾಲ್ಕು ನಟ್, ಪಿಸಿಡಿ 100, ಅಂದರೆ ನಟ್ ತೂತುಗಳ ಮೂಲಕ ಹಾದುಹೋಗುವ ವೃತ್ತದ ವ್ಯಾಸ 100 ಮಿಲಿಮೀಟರ್. ನನ್ನ ಕಾರಿನದೂ ಅದೇ. ನಟ್ ತೂತುಗಳು ಸೇರಿದರೆ ಮುಗೀತು ಅಂದುಕೊಂಡಿದ್ದೆ. ಮಾರುವವನದೇ ಟೈರ್ ಅಂಗಡಿ. "ಸಾರ್, ಕಣ್ಣು ಮುಚ್ಚಿ ತಗೊಳ್ಳಿ, ಡೈರೆಕ್ಟ್ ಫಿಟ್" ಅಂದ. ಕಣ್ಣು ಮುಚ್ಚಿಯೇ ತಗೊಂಡೆ.

ಅಂಗಡಿಯ ಹುಡುಗ ವೀಲ್ ಎತ್ತಿ ಹಬ್ ಮೇಲೆ, ಅಂದರೆ ವೀಲ್‌ನ ನಡುವಿನ ತೂತು ಕೂರಬೇಕಾದ ಕಾರಿನ ಗುಂಡು ಭಾಗದ ಮೇಲೆ, ಇಟ್ಟ. ಒಳಗೆ ಹೋಗಲಿಲ್ಲ. ಅಲ್ಲಾಡಿಸಿದ, ಕಾಲಲ್ಲಿ ಎರಡು ಒದ್ದ, ಆಮೇಲೆ ಓನರ್ ಮುಖ ನೋಡಿದ. "ಗನ್ ಹಾಕೋ, ಎಳ್ಕೊಳ್ಳುತ್ತೆ" ಅಂದ ಅವನು. ಗನ್ ಅಂದರೆ ನಟ್ ಬಿಗಿ ಮಾಡುವ ಮೆಷಿನ್. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ನೆ ನಿಂತಿದ್ದರೂ ಪರವಾಗಿರಲಿಲ್ಲ, "ಚೆನ್ನಾಗಿ ಬಿಗಿ ಮಾಡಪ್ಪ" ಅಂತ ನಾನೇ ಹೇಳಿದೆ.

ಮನೆಗೆ ಬರುವಾಗಲೇ ಹೆಂಡತಿ "ಏನೋ ಕುಲುಕಾಡ್ತಿದೆ" ಅಂದಳು. ನಿನಗೇನು ಗೊತ್ತು ಅಂದುಬಿಟ್ಟೆ. 60 ದಾಟಿದರೆ ಸ್ಟೀರಿಂಗ್ ನಡುಗುತ್ತಿತ್ತು, 80ಕ್ಕೆ ಕೈ ಜುಮ್ಮೆನ್ನುತ್ತಿತ್ತು.

ವಾಪಸ್ ಹೋದೆ. ಬ್ಯಾಲೆನ್ಸಿಂಗ್ (ವೀಲ್‌ನ ತೂಕ ಸುತ್ತಲೂ ಸಮ ಮಾಡುವುದು) ಅಂದ, ಮಾಡಿದ, ಹಣ ತಗೊಂಡ. ನಡುಕ ಹೋಗಲಿಲ್ಲ. ಮತ್ತೆ ಹೋದೆ, ಮತ್ತೆ ಬ್ಯಾಲೆನ್ಸಿಂಗ್. ಮೂರನೇ ಸಲ ನನ್ನನ್ನು ಕರೆದು ಮೆಷಿನ್ ತೋರಿಸಿದ. "ನೋಡಿ ಸಾರ್, ಸೊನ್ನೆ. ಆ ಕಡೆ ಸೊನ್ನೆ, ಈ ಕಡೆ ಸೊನ್ನೆ. ನಿಮ್ಮ ಸಸ್ಪೆನ್ಷನ್ ಹೋಗಿರಬೇಕು." ಅಲ್ಲಿದ್ದ ಬೇರೆ ಗಿರಾಕಿಗಳೂ ನನ್ನನ್ನೇ ನೋಡಿದರು. ತಲೆ ತಗ್ಗಿಸಿ ಬಂದೆ.

ಆ ಸೊನ್ನೆಯಲ್ಲೇ ಇರೋದು ಮೋಸ. ಮೆಷಿನ್‌ನಲ್ಲಿ ವೀಲ್‌ನ ತೂತಿಗೆ ಕೋನ್ ತೂರಿಸಿ ನಡುವಿಗೆ ಹಿಡಿಯುತ್ತಾರೆ. ಅಲ್ಲಿ ಎಲ್ಲಾ ಸರಿಯಾಗಿಯೇ ಕಾಣುತ್ತದೆ. ಕಾರಿಗೆ ಹಾಕಿದಾಗ ವೀಲ್ ಓರೆಯಾಗಿ ಕೂತರೆ ಮೆಷಿನ್‌ಗೆ ಹೇಗೆ ಗೊತ್ತಾಗಬೇಕು? ಇದು ಅವನಿಗೆ ಗೊತ್ತಿರಲಿಲ್ಲವಾ? ದಿನಾ ಅದೇ ಕೆಲಸ ಮಾಡುವವನಿಗೆ?

ನನಗೆ ಗೊತ್ತಾಗಿದ್ದು ಪಂಕ್ಚರ್ ಆದಾಗ. ಅಲಾಯ್ ಬಿಚ್ಚಿ ಸ್ಟೆಪ್ನಿ ಹಾಕಿದೆ. ಕಂಪನಿಯ ಕಬ್ಬಿಣದ ವೀಲ್ ಅದು. ಕೈಯಲ್ಲಿ ತಳ್ಳಿದೆ, ಟಪ್ ಅಂತ ಕೂತಿತು. ನಟ್ ಹಾಕುವ ಮುಂಚೆಯೇ ಅಲ್ಲಾಡಲಿಲ್ಲ. ಎದೆ ಧಸಕ್ಕೆಂದಿತು. ಅಲಾಯ್ ಹೀಗೆ ಒಂದು ದಿನವೂ ಕೂತಿರಲಿಲ್ಲ. ಇನ್ನೊಂದು ಕಡೆಯ ಅಲಾಯ್ ಹಿಂದೆ ಟಾರ್ಚ್ ಬಿಟ್ಟು ನೋಡಿದೆ. ವೀಲ್‌ಗೂ ಡಿಸ್ಕ್‌ಗೂ ನಡುವೆ ನಾಣ್ಯ ತೂರುವಷ್ಟು ಸಂದು. ಬಿಚ್ಚಿದ ಅಲಾಯ್‌ನ ತೂತಿನ ಅಂಚು ಸುತ್ತಲೂ ಕೆರೆದು ಬೆಳ್ಳಗಾಗಿತ್ತು. ಇಷ್ಟು ದಿನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಇದರ ಮೇಲೆ ಓಡಾಡಿದ್ದೇನೆ.

ವರ್ನಿಯರ್ ಕ್ಯಾಲಿಪರ್ ತಂದು ಅಳೆದೆ. ಕಾರಿನ ಹಬ್ 56.1 ಮಿಲಿಮೀಟರ್. ವೀಲ್‌ನ ತೂತು 54.1. ಪಿಸಿಡಿ ಒಂದೇ, ತೂತು ಬೇರೆ. ಹೋಂಡಾದ ಸಣ್ಣ ಕಾರುಗಳ ಹಬ್ ಸಾಮಾನ್ಯವಾಗಿ 56.1, ಸುಜುಕಿ ಮತ್ತು ಹ್ಯುಂಡೈನ ಸಣ್ಣ ಕಾರುಗಳದು 54.1. ಎರಡಕ್ಕೂ ಹೆಚ್ಚಾಗಿ ಪಿಸಿಡಿ 100 ಇರುತ್ತದೆ. ಬರೀ 2 ಮಿಲಿಮೀಟರ್! ತೂತು ದೊಡ್ಡದಿದ್ದರೆ ಸಂದು ತುಂಬುವ ರಿಂಗ್ ಹಾಕಿ ಸರಿ ಮಾಡಬಹುದಿತ್ತು. ಚಿಕ್ಕದಾದರೆ ವೀಲ್ ಹಬ್‌ನ ಅಂಚಿನ ಮೇಲೆ ನೇತಾಡುತ್ತದೆ, ನಟ್ ಎಷ್ಟು ಬಿಗಿ ಮಾಡಿದರೂ ಅಷ್ಟೇ.

ಅಂಗಡಿಯವನಿಗೆ ಫೋನ್ ಮಾಡಿದೆ. "ಸೆಂಟರ್ ಬೋರ್ ನೀವು ಕೇಳ್ಲೇ ಇಲ್ವಲ್ಲ ಸಾರ್" ಅಂದ. ಸೆಂಟರ್ ಬೋರ್ ಅಂದರೆ ಇದೇ ನಡುವಿನ ತೂತು. ಕೇಳಬೇಕಾಗಿದ್ದು ನಾನಂತೆ! ದುಡ್ಡು ವಾಪಸ್ ಕೇಳಿದ್ದಕ್ಕೆ "ಹಾಕಿದ ಮಾಲು ಹೇಗೆ ವಾಪಸ್ ತಗೊಳ್ಳಲಿ, ತನ್ನಿ, ಗ್ರೈಂಡರ್‌ನಲ್ಲಿ ಉಜ್ಜಿ ಕೊಡ್ತೀನಿ" ಅಂದ. ಕೈಯಲ್ಲಿ ಗ್ರೈಂಡರ್ ಹಿಡಿದು ಉಜ್ಜಿದರೆ ತೂತು ಗುಂಡಗೆ ಬರುತ್ತದಾ? ಇವನಿಗೆ ನಾನು ಮೂರು ಸಲ ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಟ್ಟಿದ್ದೇನೆ.

ಕೊನೆಗೆ ಲೇತ್ ಕೆಲಸದವರ ಹತ್ತಿರ ಒಯ್ದೆ. ಅವರು ಒಂದೊಂದನ್ನೂ ತಿರುಗಿಸಿ ನೋಡಿ, ಎರಡನ್ನು ಬದಿಗಿಟ್ಟರು. ನಟ್ ತೂತುಗಳು ಮೊಟ್ಟೆಯಾಕಾರ ಆಗಿದ್ದವು. "ಇವನ್ನ ಕಾರಿಗೆ ಹಾಕಬೇಡಿ" ಅಂದರು. ಉಳಿದ ಎರಡನ್ನು 56.1ಕ್ಕೆ ಕೊರೆಯಬಹುದಂತೆ. ಎರಡು ವೀಲ್ ಇಟ್ಕೊಂಡು ಏನು ಮಾಡಲಿ? ಮುಂದಿನ ಹಬ್‌ನ ಎರಡು ಸ್ಟಡ್ (ನಟ್ ಕೂರುವ ಬೋಲ್ಟ್) ಕೂಡ ಥ್ರೆಡ್ ಹೋಗಿದ್ದವು, ಅದಕ್ಕೆ ಬೇರೆ ಖರ್ಚು.

ನೀವು ಮಾಡಬೇಕಾದ್ದು ಇಷ್ಟೇ. ಕಾರಿನ ಹಬ್ ಅಳೆಯಿರಿ, ವೀಲ್‌ನ ತೂತು ಅಳೆಯಿರಿ, ಅವರು ಹೇಳಿದ್ದನ್ನು ನಂಬಬೇಡಿ. ಹಬ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿಸಿ, ತುಕ್ಕಿದ್ದರೂ ವೀಲ್ ಸರಿಯಾಗಿ ಕೂರುವುದಿಲ್ಲ. ನಟ್ ಇಲ್ಲದೆ ಕೈಯಲ್ಲಿ ತಳ್ಳಿದಾಗ ಪೂರ್ತಿ ಕೂರಬೇಕು. ಕೂರದಿದ್ದರೆ ಅಲ್ಲಿಗೇ ನಿಲ್ಲಿಸಿ, ಗನ್ ಎತ್ತಲು ಬಿಡಬೇಡಿ. ಮೊದಲು ಎಲ್ಲಾ ನಟ್ ಕೈಯಲ್ಲಿ ತಿರುಗಿಸಿ, ಎದುರುಬದುರು ಬಿಗಿ ಮಾಡಿಸಿ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಬಿಗಿ ನೋಡಿ.

ಈಗ ಕಾರಿಗೆ ಹಳೇ ಕಬ್ಬಿಣದ ವೀಲ್‌ಗಳೇ. ನಡುಕ ಇಲ್ಲ. ಹೆಂಡತಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚುತ್ತಿದೆ. ನಿನ್ನೆ ನೋಡಿದರೆ ಆ ಅಂಗಡಿಯವನು ಇನ್ನೊಂದು ಸೆಟ್ ಅಲಾಯ್ ಮಾರಾಟಕ್ಕೆ ಇಟ್ಟಿದ್ದಾನೆ. ಕೆಳಗೆ ಬರೆದಿರುವುದು ಅದೇ, ಡೈರೆಕ್ಟ್ ಫಿಟ್.